ಒಂದನೇ ನಂಬರಿನ ಹುಡುಗಿ

ಕಳೆದ ವಾರ ಆದೋನಿಗೆ ಹೋಗಿದ್ದೆ. ಕನ್ನಡಕದ ಕಡ್ಡಿ ಮುರಿದಿತ್ತು. ಅದನ್ನು ಸರಿ ಮಾಡಿಸಿ, ಅರ್ಧ ಕಿಲೋ ಪುಟಾಣಿ ಕಡಲೆ ಕಟ್ಟಿಸಿಕೊಂಡು, ಷೇರ್ ಆಟೋದಲ್ಲಿ ಬಸ್ ಸ್ಟ್ಯಾಂಡಿನ ಕಡೆ ಬರುವಾಗ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿನ ಮುಂದೆ ಹತ್ತಿ ಹೇರಿದ ಲಾರಿಯೊಂದು ಅಡ್ಡ ನಿಂತಿತ್ತು. ಲಾರಿಯವನಿಗೆ ತಿರುಗಿಸಿಕೊಳ್ಳಲು ಜಾಗ ಸಾಲದು, ನಮ್ಮ ಆಟೋದವನಿಗೆ ಹಿಂದೆ ಸರಿಯಲು ಮನಸ್ಸಿಲ್ಲ. ಹಾಗೆ ಕೂತಿದ್ದಾಗ ಆ ವಾಸನೆ ಬಂತು. ಹೊಸ ಹತ್ತಿಯದು, ಕಾಳಿನೊಳಗಿನ ಎಣ್ಣೆಯದು, ಬಿಸಿಲಿಗೆ ಕಾದ ಗೋಣಿಯದು, ಮೂರೂ ಸೇರಿದ್ದು. ಅದರ ಹಿಂದೆಯೇ ಹತ್ತಿಯ ಒಂದು ತುಣುಕು ಹಾರಿ ಬಂದು ನನ್ನ ಸೆರಗಿನ ಮೇಲೆ ಕೂತಿತು.

ನಾನು ಅದನ್ನು ಕೊಡವಲಿಲ್ಲ. ಎರಡೂ ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಎಳೆದು, ಎಳೆ ಎಲ್ಲಿಯವರೆಗೆ ಬರುತ್ತದೆ ಎಂದು ಬೆಳಕಿಗೆ ಹಿಡಿದು ನೋಡಿದೆ. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಹತ್ತಿ ಯಾಪಾರ ಐತೇನ್ರೀ ನಿಮ್ದು?"

"ಇಲ್ಲವ್ವ, ನಾನು ಸಾಲಿ ಟೀಚರು."

"ಮತ್ತ ಎಳಿ ನೋಡಾಕತ್ತೀರಿ?"

"ಒಬ್ಬ ಅಜ್ಜಿ ಕಲಿಸಿದ್ಲು," ಎಂದೆ. ಲಾರಿ ಸರಿಯಿತು, ಆಟೋ ಹೊರಟಿತು. ಆದರೆ ಬಸ್ ಸ್ಟ್ಯಾಂಡ್ ಬರುವವರೆಗೂ, ಆಮೇಲೆ ಬಸ್ಸಿನಲ್ಲೂ, ನಾನು ಆ ಅಜ್ಜಿಯ ಊರಿನಲ್ಲೇ ಇದ್ದೆ.

ಹಾಲಹರವಿ ಮಂಡಲದ ಆ ಊರಿನಲ್ಲಿ ನಾನು ಕೆಲಸ ಮಾಡಿದ್ದು ಒಂದೇ ವರ್ಷ. ಊರ ಹೊರಗಿನ ಎರಡು ಹೊಲ ದಾಟಿದರೆ ಬಳ್ಳಾರಿ ಜಿಲ್ಲೆ. ಶಾಲೆಯ ವರಾಂಡದ ಈ ಕೊನೆಯಲ್ಲಿ ನಿಂತರೆ ಫೋನಿಗೆ ಆಂಧ್ರದ ಸಿಗ್ನಲ್, ಆ ಕೊನೆಯಲ್ಲಿ ಕರ್ನಾಟಕದ್ದು. ಎಂಟನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಮಕ್ಕಳು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಜಗಳಕ್ಕೆ ಎರಡೂ. ನಾನು ಆಲೂರಿನಿಂದ ದಿನಾ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೆ. ಡಬ್ಬಿಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೇ ಶೇಂಗಾ ಹಿಂಡಿ, ಕೈಯಲ್ಲಿ ಕೊಡೆ. ಮಳೆಗಲ್ಲ, ಬಿಸಿಲಿಗೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮನ್ನೆಲ್ಲ ಆದೋನಿಗೆ ಟ್ರೈನಿಂಗಿಗೆ ಕರೆದರು. ಮಕ್ಕಳು ಬರೆದದ್ದನ್ನು, ಮಾಡಿದ್ದನ್ನು ರೂಬ್ರಿಕ್ ಇಟ್ಟುಕೊಂಡು ಅಳೆಯಬೇಕು ಎಂದರು. ರೂಬ್ರಿಕ್ ಎಂದರೆ ಒಂದು ಚೌಕದ ಪಟ್ಟಿ. ಎಡಕ್ಕೆ ಏನೇನು ನೋಡಬೇಕು ಎಂಬ ಸಾಲುಗಳು, ಮೇಲೆ ನಾಲ್ಕು, ಮೂರು, ಎರಡು, ಒಂದು ಎಂಬ ಮಟ್ಟಗಳು. ಒಂದೊಂದು ಚೌಕದೊಳಗೆ ಆ ಮಟ್ಟದ ಕೆಲಸ ಹೇಗಿರುತ್ತದೆ ಎಂದು ಎರಡು ಮಾತು. ಸುಮ್ಮನೆ ಹತ್ತಕ್ಕೆ ಆರು ಎಂದು ಬರೆದು ಕೆಂಪು ಗೆರೆ ಎಳೆಯುವಂತಿಲ್ಲ. ಮಧ್ಯಾಹ್ನ ಒಗ್ಗಾಣಿ ಮಿರ್ಚಿ ತಿನ್ನುವಾಗ ನಮ್ಮ ಹೆಡ್‌ಮಾಸ್ಟರು ಬಸವರಾಜ ಸಾರ್ ಮೆಲ್ಲಗೆ ಕೇಳಿದರು.

"ಟೀಚರ್, ಇದು ಮಾರ್ಕ್ಸ್ ಹೆಚ್ಚು ಕೊಡ್ರಿ ಅನ್ನೋದಾ, ಕಡಿಮಿ ಕೊಡ್ರಿ ಅನ್ನೋದಾ?"

"ಯಾಕ್ ಕೊಟ್ರಿ ಅಂತ ಹೇಳ್ರಿ ಅನ್ನೋದು ಸಾರ್."

ಸಾರ್ ಮಿರ್ಚಿಯ ತೊಟ್ಟು ಪಕ್ಕಕ್ಕಿಟ್ಟರು. "ಇಷ್ಟು ವರ್ಷ ಯಾರೂ ಕೇಳಿದ್ದಿಲ್ಲಲ್ರಿ," ಎಂದರು.

ಪಟ್ಟಿ ಇದ್ದದ್ದು ತೆಲುಗಿನಲ್ಲಿ. ಕನ್ನಡ ಮೀಡಿಯಂನವರು ಯಾವಾಗಲೂ ತೊಡೆಯ ಮೇಲೆ ಇಟ್ಟುಕೊಂಡು ತಾವೇ ಕನ್ನಡ ಮಾಡಿಕೊಳ್ಳಬೇಕು. ನಾನೂ ಹಾಗೇ ಒಂದು ಭಾನುವಾರ ಕೂತು ನಾಲ್ಕು ಸಾಲು ಬರೆದೆ. ಹೇಳಿದ ವಿಷಯ ಪೂರಾ ಇದೆಯೋ, ಒಂದರ ಹಿಂದೆ ಒಂದು ಕ್ರಮವಾಗಿ ಬಂದಿದೆಯೋ, ಸ್ವಂತ ಮಾತೋ ಪುಸ್ತಕದ ಮಾತೋ, ಅಚ್ಚುಕಟ್ಟಾಗಿದೆಯೋ. ಎಂಟನೇ ಕ್ಲಾಸಿಗೆ "ನಮ್ಮೂರಿನ ಒಂದು ಕೆಲಸ" ಎಂದು ಬರೆಯಲು ಕೊಟ್ಟೆ. ಯಾವುದಾದರೂ ಒಂದು ಕೆಲಸ, ಅದನ್ನು ಹೇಗೆ ಮಾಡುತ್ತಾರೆ, ನೋಡಿದ್ದನ್ನು ಬರೆಯಿರಿ ಎಂದೆ. ಬರೆದು ಕೊಟ್ಟರು. ಪ್ರತಿಯೊಬ್ಬರ ಹಾಳೆಗೂ ಪಟ್ಟಿ ಅಂಟಿಸಿ, ಅಂಕಿ ಬರೆದು, ಮನೆಯಲ್ಲಿ ತೋರಿಸಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡು ಬನ್ನಿ ಎಂದು ಕಳಿಸಿದೆ.

ಮರುದಿನ ಮಲ್ಲಿಕಾರ್ಜುನ ಮುಖ ಊದಿಸಿಕೊಂಡು ಬಂದ. ಊರಿನ ಹತ್ತಿ ವ್ಯಾಪಾರದ ಮನೆಯ ಹುಡುಗ, ಕ್ಲಾಸಿಗೆಲ್ಲ ಚುರುಕು. ನಾಲ್ಕೂ ಸಾಲಿನಲ್ಲಿ ನಾಲ್ಕು ಹಾಕಿದ್ದೆ.

"ಏನಾತಪ್ಪ?"

"ನಮ್ಮಪ್ಪ ಬೈದ್ರು ಟೀಚರ್. ನಾಲ್ಕನೇ ನಂಬರ್ ತಗೊಂಡು ಬಂದಿಯಲ್ಲೋ, ಮನಿ ಮರ್ಯಾದಿ ಕಳದಿ ಅಂದ್ರು."

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಹತ್ತಿಯ ಊರು ಅದು. ಅಲ್ಲಿ ಒಂದನೇ ನಂಬರ್ ಮಾಲು ಎಂದರೆ ಬೆಳ್ಳಗೆ, ಒಣಗಿದ, ಕಸವಿಲ್ಲದ ಹತ್ತಿ. ನಾಲ್ಕನೇ ನಂಬರ್ ಎಂದರೆ ಕೊನೆಗೆ ಗಿಡದಲ್ಲಿ ಉಳಿದದ್ದು, ಹುಳ ತಿಂದದ್ದು, ಹಳದಿಯಾದದ್ದು, ಹಾಸಿಗೆಗೆ ತುಂಬಲೂ ಒಲ್ಲೆ ಎನ್ನುವಂಥದ್ದು. ಮಕ್ಕಳಿಗೆ ಕ್ಲಾಸಿನಲ್ಲಿ ಹೇಳಿದ್ದೆ, ನಾಲ್ಕು ಮೇಲಿನದು ಎಂದು. ಮನೆಗೆ ಹೋದದ್ದು ಅಂಕಿ ಮಾತ್ರ, ನನ್ನ ಮಾತು ಹೋಗಿರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವಳು ಹತ್ತಿಯ ಊರಿಗೆ ಬಂದು ಅಂಕಿಯನ್ನು ತಲೆಕೆಳಗು ಮಾಡಿ ಕಳಿಸಿದ್ದೆ.

ಎಲ್ಲರಿಗೂ ಹೇಳಿದೆ, ಮನೆಯಲ್ಲಿ ತಿಳಿಸಿ ಹೇಳಿ, ಇದು ಹತ್ತಿ ಲೆಕ್ಕ ಅಲ್ಲ, ಸಾಲಿ ಲೆಕ್ಕ ಎಂದು. ಹೂಂ ಎಂದರು. ಹೂಂ ಎನ್ನದೆ ನೆಲ ನೋಡುತ್ತ ಕೂತವಳು ಒಬ್ಬಳೇ, ಹುಲಿಗೆಮ್ಮ. ಯಾಕೆಂದು ಕೇಳುವ ಮೊದಲೇ ಉತ್ತರ ಗೇಟಿನಲ್ಲಿ ಬಂತು. ಅವಳ ಅಜ್ಜಿ ಉರುಕುಂದಮ್ಮ, ಹಣೆಯ ತುಂಬ ವಿಭೂತಿ, ಉಡಿಯಲ್ಲಿ ಏನೋ ಕಟ್ಟಿಕೊಂಡು.

ಉರುಕುಂದಮ್ಮ ಆ ಊರಿನಲ್ಲಿ ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಮುಂದಾಳು. ಯಾರ ಹೊಲಕ್ಕೆ ಯಾವ ದಿನ, ಯಾವ ಸಾಲು ಯಾರಿಗೆ ಎಲ್ಲ ಅವಳದೇ ತೀರ್ಮಾನ. ಬಿಡಿಸಿದ ಹತ್ತಿ ಆದೋನಿಗೆ ಹೋಗುವ ಮೊದಲು ಅವಳು ಚೀಲಚೀಲಕ್ಕೂ ಕೈಹಾಕಿ ನೋಡಿ ನಂಬರ್ ಹೇಳುತ್ತಿದ್ದಳು. ಅವಳು ಒಂದು ಎಂದ ಚೀಲವನ್ನು ಆದೋನಿಯಲ್ಲಿ ಯಾರೂ ಎರಡು ಎಂದದ್ದಿಲ್ಲವಂತೆ. ಓದು ಬರಹ ಇಲ್ಲ, ಅಂಕಿ ಮಾತ್ರ ಗೊತ್ತು. ಮಗ ಕುರಿ ಹಿಂಡಿನ ಜೊತೆ ಹೊಳೆಯ ಕಡೆಗೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ, ಸೊಸೆ ಅತ್ತೆಯ ಮಾತು ಮೀರುತ್ತಿರಲಿಲ್ಲ. ಮನೆಯೂ ಅವಳ ಕೈಯಲ್ಲೇ.

"ಕೈ ಹಿಡಿ ಟೀಚರಮ್ಮ," ಎಂದು ಬೊಗಸೆ ತುಂಬ ಪುಟಾಣಿ ಬೆಲ್ಲ ಸುರಿದಳು. "ನಮ್ಮ ಹುಡುಗಿಗೆ ನಾಲ್ಕಕ್ಕ ನಾಲ್ಕೂ ಒಂದು ಹಾಕೀಯಂತ. ನಾನೇ ನೋಡೀನಿ, ಒಂದು, ಒಂದು, ಒಂದು, ಒಂದು. ನಮ್ಮ ವಂಶದಾಗ ಸಾಲ್ಯಾಗ ಒಂದನೇ ನಂಬರ್ ಬಂದಾಕಿ ಈಕಿನ ಮೊದಲ್ನೇದಾಕಿ."

ಹುಲಿಗೆಮ್ಮನ ಹಾಳೆ ನನ್ನ ಕಣ್ಣಮುಂದೆ ಬಂತು. "ಹತ್ತಿ ಒಂದು ವಾಣಿಜ್ಯ ಬೆಳೆ" ಎಂದು ಪುಸ್ತಕದಿಂದ ಇಳಿಸಿದ ನಾಲ್ಕು ಸಾಲು, ಅದರ ಮೇಲೆ ಎರಡು ಕಡೆ ಮಸಿ, ಒಂದು ಮೂಲೆ ಹರಿದದ್ದು. ತಳದ ಅಂಕಿ ಬಿಟ್ಟು ಬೇರೆ ಹಾಕಲು ನನಗೆ ಜಾಗವೇ ಸಿಕ್ಕಿರಲಿಲ್ಲ. ನಾನು ಬಾಯಿ ತೆರೆದೆ.

"ಅಜ್ಜಿ, ಅದು..."

"ಅದಕ್ಕ ನಾನೊಂದು ಮಾತು ಹೇಳಾಕ ಬಂದೀನಿ," ಎಂದಳು ಅಜ್ಜಿ. "ಈ ಸಲ ಈಕೀನ ಹೊಲಕ್ಕ ಕರಿಯಂಗಿಲ್ಲ. ಬಿಡಿಸಾಕ ಬ್ಯಾರೇರು ಸಿಗ್ತಾರ. ಒಂದನೇ ನಂಬರ್ ಮಾಲು ಹೊಲದಾಗ ಬಿಟ್ರ ಇಬ್ಬನಿ ಬಿದ್ದು ಕೆಡ್ತೈತಿ. ಈಕಿ ಸಾಲ್ಯಾಗ ಇರ್ಲಿ."

ನನ್ನ ಬಾಯಿ ಮುಚ್ಚಿತು. ಹತ್ತಿ ಬಿಡಿಸುವ ಕಾಲ ಬಂದರೆ ನಮ್ಮ ಕ್ಲಾಸಿನ ಅರ್ಧ ಬೆಂಚು ಖಾಲಿ. ಹಾಜರಿ ಪುಸ್ತಕದಲ್ಲಿ ಹಿಂದಿನ ವರ್ಷದ ಹುಲಿಗೆಮ್ಮನ ಸಾಲು ನೋಡಿದ್ದೆ, ದಸರಾ ಆದ ಮೇಲೆ ಸಂಕ್ರಾಂತಿವರೆಗೆ ಬಂದದ್ದು ಬೆರಳೆಣಿಕೆ ದಿನ. ಅದಕ್ಕೇ ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಬರೆಯಲು ಬರದ ಕಾರಣಕ್ಕೇ ಈಗ ಶಾಲೆಗೆ ಬರುವ ಭಾಗ್ಯ ಸಿಕ್ಕಿತ್ತು. ಕ್ಲಾಸಿನ ಕಿಟಕಿಯಲ್ಲಿ ಅವಳ ಎರಡು ಕಣ್ಣು ನನ್ನ ಬಾಯನ್ನೇ ನೋಡುತ್ತಿದ್ದವು. ನಾನು ಒಂದು ಪುಟಾಣಿ ಬಾಯಿಗೆ ಹಾಕಿಕೊಂಡು, "ಚಲೋ ಆತು ಅಜ್ಜಿ," ಎಂದೆ. ಸುಳ್ಳು ಹೇಳಲಿಲ್ಲ, ಹೇಳಬೇಕಾದದ್ದನ್ನು ಹೇಳಲಿಲ್ಲ ಅಷ್ಟೇ ಎಂದು ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಸ್ಸಿಳಿಯುವ ಹೊತ್ತಿಗೆ ಆ ಸಮಾಧಾನ ಉಳಿದಿರಲಿಲ್ಲ.

ಮರುದಿನ ಹುಲಿಗೆಮ್ಮ ಎಲ್ಲರಿಗಿಂತ ಮೊದಲು ಬಂದು, ಕಸ ಹೊಡೆದು, ಬೋರ್ಡು ಒರೆಸಿ ನಿಂತಿದ್ದಳು.

"ಟೀಚರ್, ನಮ್ಮಜ್ಜಿಗೆ ಹೇಳ್ಬ್ಯಾಡ್ರಿ."

"ಎಷ್ಟು ದಿನ ಹೇಳದಂಗಿರ್ಲಿ?"

"ನಾನು ನಾಲ್ಕು ತರೋ ಮಟ." ಸ್ವಲ್ಪ ತಡೆದು ತಾನೇ ಹೇಳಿದಳು. "ಆದ್ರ ನಾಲ್ಕು ತಂದ್ರ ಅಜ್ಜಿ ನಾನು ಕೆಟ್ಟೆ ಅಂತಾಳ."

ಅದೇ ತೊಡಕು. ಹುಡುಗಿ ಮೇಲೇರಿದಷ್ಟೂ ಮನೆಯಲ್ಲಿ ಕೆಳಗಿಳಿಯಬೇಕು. ನಾವಿಬ್ಬರೂ ಕಸಪೊರಕೆಯನ್ನು ನಡುವೆ ಇಟ್ಟುಕೊಂಡು ಸ್ವಲ್ಪ ಹೊತ್ತು ನಕ್ಕೆವು. ಕೊನೆಗೆ ಒಂದು ದಾರಿ ಮಾಡಿದೆ. ಇನ್ನು ಮೇಲೆ ಯಾರ ಹಾಳೆಯೂ ಮನೆಗೆ ಹೋಗುವುದು ಬೇಡ, ಎಲ್ಲ ಬೀರುವಿನಲ್ಲಿರಲಿ, ಸಂಕ್ರಾಂತಿಗೆ ಮುಂಚೆ ತಂದೆ ತಾಯಿಯರನ್ನು ಕರೆದು ಒಟ್ಟಿಗೆ ತೋರಿಸೋಣ. ಅಜ್ಜಿಗೂ ಅವತ್ತೇ ಹೇಳಿಬಿಡೋಣ ಎಂದು ಅವಳಿಗೆ ಹೇಳಿದೆ. ಒಪ್ಪಿದಳು. ಊರಿನಲ್ಲಿ ಉಳಿದವರೆಲ್ಲರಿಗೂ ಸಾಲಿ ಲೆಕ್ಕ ತಿಳಿದುಹೋಗಿತ್ತು. ಉರುಕುಂದಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಮಲ್ಲಿಕಾರ್ಜುನ ಇಡೀ ಕ್ಲಾಸಿನ ಕೈಯಲ್ಲಿ ಆಣೆ ಇಡಿಸಿದ್ದ ಎಂದು ಆಮೇಲೆ ಗೊತ್ತಾಯಿತು.

ರೂಬ್ರಿಕ್ ಏನೆಂದು ನನಗೆ ಸರಿಯಾಗಿ ತಿಳಿದದ್ದು ಆದೋನಿಯ ಟ್ರೈನಿಂಗಿನಲ್ಲಲ್ಲ, ಅಜ್ಜಿ ಬಂದು ಹೋದ ಒಂದು ವಾರಕ್ಕೆ. ಹುಲಿಗೆಮ್ಮನ ಎರಡನೇ ಹಾಳೆಯೂ ಮೊದಲಿನದರ ಹಾಗೇ ಬಂದಿತ್ತು. ಅಂಕಿ ಹಾಕದೆ ಕೇಳಿದೆ.

"ನಿಮ್ಮಜ್ಜಿ ಹತ್ತಿ ಚಲೋ ಐತೋ ಇಲ್ಲೋ ಅಂತ ಹೆಂಗ ಹೇಳ್ತಾಳ?"

ಮೂಲೆಯಲ್ಲಿ ಕೂತು ಒಂದು ಪ್ರಶ್ನೆಗೂ ಬಾಯಿ ಬಿಡದ ಹುಡುಗಿ ಎದ್ದು ನಿಂತು ಹೇಳತೊಡಗಿದಳು. ಮೊದಲು ಬಣ್ಣ ನೋಡ್ತಾಳ, ನೆರಳಾಗಲ್ಲ, ಬಿಸಿಲಾಗ. ಆಮ್ಯಾಲೆ ಎಳಿ ಎಳದು ನೋಡ್ತಾಳ. ಆಮ್ಯಾಲೆ ಬೀಜ ಕಡೀತಾಳ. ಆಮ್ಯಾಲೆ ಅಂಗೈಯಾಗ ಇಟ್ಟು ಕೊಡವತಾಳ, ಎಲಿ ಚೂರು ಎಷ್ಟು ಬೀಳ್ತಾವ ಅಂತ. "ನಾಲ್ಕೂ ಬರೋಬ್ಬರಿ ಇದ್ರ ಒಂದನೇ ನಂಬರ್. ಎಲಿ ಇದ್ರ ಬೈಯಂಗಿಲ್ಲ ಟೀಚರ್. ಬಿಡಿಸಿದಾಕೀನ ಕರದು ಎಲಿ ಆರಿಸಿ ಕೈಯಾಗ ಕೊಡ್ತಾಳ, ಇದು ನೋಡು ಅಂತ."

ನಾನು ಬೋರ್ಡಿನ ಮೇಲೆ ಚೌಕ ಎಳೆದು ಅವಳು ಹೇಳಿದ್ದನ್ನೇ ಬರೆದೆ. ಪಕ್ಕದಲ್ಲಿ ನನ್ನ ಪಟ್ಟಿ. ಮಕ್ಕಳು ಎರಡನ್ನೂ ನೋಡಿದರು. ಮತ್ತೆ ವಿವರಿಸುವ ಅಗತ್ಯ ಬೀಳಲಿಲ್ಲ. ಅವತ್ತಿನಿಂದ ನಾನು ಅಂಕಿ ಬರೆದು ಸುಮ್ಮನಾಗುವುದು ಬಿಟ್ಟೆ. ಹಾಳೆಯಲ್ಲಿ ಎಲ್ಲಿ ಕಸ ಇದೆ ಎಂದು ಬೆರಳಿಟ್ಟು ತೋರಿಸತೊಡಗಿದೆ. "ಇಲ್ಲಿ ಪುಸ್ತಕದ ಎಲಿ ಸೇರೇತಿ ನೋಡು," ಎಂದರೆ ಅವರೇ ಆರಿಸಿ ತೆಗೆಯುತ್ತಿದ್ದರು.

ಹುಲಿಗೆಮ್ಮನ ಅಂಕಿ ಮೆಲ್ಲಗೆ ಏರಿತು. ಮೊದಲು ಅಚ್ಚುಕಟ್ಟಿನ ಸಾಲಿನಲ್ಲಿ ಎರಡು. ಒಂದು ದಿನ ಮೂರೂ ಅಲ್ಲ ಎರಡೂ ಅಲ್ಲ ಎನ್ನುವಂಥ ಹಾಳೆ ತಂದಳು.

"ಎರಡೂವರಿ ಹಾಕ್ರಿ ಟೀಚರ್."

"ರೂಬ್ರಿಕ್ಕಿನಾಗ ಅರ್ಧ ಇಲ್ಲವ್ವ. ಇತ್ತಾಗರ ಇರಬೇಕು, ಅತ್ತಾಗರ ಇರಬೇಕು."

"ನಮ್ಮಜ್ಜಿ ಹಾಕ್ತಾಳ ಅರ್ಧ."

"ನಿಮ್ಮಜ್ಜಿ ಸರ್ಕಾರಿ ನೌಕರಿ ಮಾಡಂಗಿಲ್ಲ," ಎಂದೆ.

ಆ ಚಳಿಗಾಲದಲ್ಲಿ ಮಕ್ಕಳಿಗೆ ಪಟ್ಟಿಯ ಹುಚ್ಚು ಹಿಡಿದದ್ದು ನೆನೆದರೆ ಈಗಲೂ ನಗು ಬರುತ್ತದೆ. ಎಲ್ಲದಕ್ಕೂ ಪಟ್ಟಿ. ಬೆಳಗಿನ ಪ್ರಾರ್ಥನೆಗೆ, ಕಬಡ್ಡಿಗೆ, ಷೇರ್ ಆಟೋಗೆ. ಬಸವರಾಜ ಸಾರ್ ಮಾಡಿದ ಒಂದು ಭಾಷಣಕ್ಕೆ ವಿಷಯದಲ್ಲಿ ನಾಲ್ಕು, "ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವುದು" ಎಂಬ ಸಾಲಿನಲ್ಲಿ ಒಂದು ಬಿದ್ದಿತ್ತು. ಆ ಹಾಳೆ ಸಾರ್‌ಗೆ ಹೇಗೋ ಸಿಕ್ಕಿತು. ಮಡಚಿ ಜೇಬಿನಲ್ಲಿಟ್ಟುಕೊಂಡರು. ಅದಾದ ಮೇಲೆ ಅವರ ಭಾಷಣ ಅರ್ಧಕ್ಕೆ ಇಳಿಯಿತು. ಒಂದು ಮಧ್ಯಾಹ್ನ ಅಡುಗೆಯ ಸುಂಕಮ್ಮ ಸೌಟು ಹಿಡಿದುಕೊಂಡೇ ಕ್ಲಾಸಿಗೆ ಬಂದಳು.

"ಯಾರದು ನನ್ನ ಸಾಂಬಾರಿಗೆ ಎರಡು ಹಾಕಿದ್ದು?"

ಮಲ್ಲಿಕಾರ್ಜುನ ಧೈರ್ಯ ಮಾಡಿದ. "ಸುಂಕಮ್ಮಕ್ಕ, ಅದು ಸಾಲಿ ಲೆಕ್ಕದ ಎರಡು, ಹತ್ತಿ ಲೆಕ್ಕದ ಎರಡಲ್ಲ."

"ಯಾವ ಲೆಕ್ಕದಾಗಾದ್ರೂ ನಾನು ಎರಡಲ್ಲ," ಎಂದಳು ಸುಂಕಮ್ಮ. ಆಮೇಲೆ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು, "ಏನು ಕಡಿಮಿ ಆಗೈತಿ ಹೇಳ್ರಿ," ಎಂದಳು. ಬೇಳೆ ಕಡಿಮೆ, ಬಿಸಿ ಕಡಿಮೆ ಎಂದರು ಹುಡುಗಿಯರು. ಬೇಳೆಯ ಮಾತು ಸರ್ಕಾರಕ್ಕೆ ಹೇಳಿ, ಬಿಸಿಯ ಮಾತು ನನಗೆ ಹೇಳಿ ಎಂದು ಹೋದಳು. ಮರುದಿನ ಸಾಂಬಾರಿಗೆ ಎಲ್ಲರ ನಾಲಿಗೆ ಸುಟ್ಟಿತು.

ಹೊಲದಲ್ಲಿ ಮೊದಲನೇ ಸಲ ಹತ್ತಿ ಬಿಡಿಸುವುದು ಮುಗಿಯಿತು, ಎರಡನೆಯದೂ ಮುಗಿಯಿತು. ಬೆಳಿಗ್ಗೆ ನಾನು ಬಸ್ಸಿಳಿಯುವಾಗ ಉರುಕುಂದಮ್ಮ ಹೆಂಗಸರ ಗುಂಪು ಕಟ್ಟಿಕೊಂಡು ಎದುರಿಗೆ ಬರುತ್ತಿದ್ದಳು, ಸೊಂಟಕ್ಕೆ ಹಳೆ ಸೀರೆಯ ಉಡಿ, ತಲೆಗೆ ಬಟ್ಟೆ. "ಹೆಂಗೈತಿ ಟೀಚರಮ್ಮ ನಮ್ಮ ಮಾಲು?" ಎಂದು ದಿನಾ ಕೇಳುವಳು. "ಚಲೋ ಐತಿ," ಎನ್ನುತ್ತಿದ್ದೆ. ಆ ಮಾತು ದಿನದಿಂದ ದಿನಕ್ಕೆ ಹೆಚ್ಚು ನಿಜವಾಗುತ್ತಿತ್ತು, ಆದರೂ ಹೇಳಿ ನಿಲ್ಲದೆ ಶಾಲೆಯ ಕಡೆ ಹೆಜ್ಜೆ ಹಾಕುತ್ತಿದ್ದೆ.

ಸಂಕ್ರಾಂತಿ ರಜೆ ಕೊಡುವ ಮೊದಲು ಒಂದು ಮಧ್ಯಾಹ್ನ ಮನೆಯವರನ್ನೆಲ್ಲ ಕರೆದೆವು. ಕ್ಲಾಸಿನ ಈ ಗೋಡೆಯಿಂದ ಆ ಗೋಡೆಗೆ ಸುತಳಿ ಕಟ್ಟಿ, ಜಾಲಿ ಮುಳ್ಳು ಚುಚ್ಚಿ ಹಾಳೆಗಳನ್ನು ತೂಗುಹಾಕಿದ್ದರು ಮಕ್ಕಳು. ಪ್ರತಿಯೊಬ್ಬರದೂ ಎರಡು, ಎಡಕ್ಕೆ ಮೊದಲನೆಯದು, ಬಲಕ್ಕೆ ಕೊನೆಯದು. ಹುಲಿಗೆಮ್ಮ ಬೆಳಿಗ್ಗೆಯಿಂದ ಊಟ ಮಾಡಿರಲಿಲ್ಲ. ಹೊಲದಲ್ಲಿ ಮೂರನೇ ಸಲ ಬಿಡಿಸುವುದು ಇನ್ನೂ ಬಾಕಿ ಇತ್ತು. ಅಜ್ಜಿಗೆ ಸಿಟ್ಟು ಬಂದರೆ ನಾಳೆಯಿಂದ ಇವಳು ಹೊಲದಲ್ಲಿ, ಅದಾದ ಮೇಲೆ ಶಾಲೆಗೆ ಮತ್ತೆ ಬರುತ್ತಾಳೋ ಇಲ್ಲವೋ ಯಾರು ಹೇಳಬೇಕು.

"ನಾನು ಹೇಳ್ಲಾ?" ಎಂದೆ.

"ನಾನ ಹೇಳ್ತೀನಿ," ಎಂದಳು.

ಉರುಕುಂದಮ್ಮ ತನ್ನ ಹೆಂಗಸರನ್ನೆಲ್ಲ ಕರೆದುಕೊಂಡೇ ಬಂದಳು. "ನಮ್ಮ ಹುಡುಗೀದು ಯಾವ್ದು?" ಹುಲಿಗೆಮ್ಮ ಬೆರಳು ತೋರಿಸಿದಳು. ಅಜ್ಜಿ ಎಡದ ಹಾಳೆ ನೋಡಿ, "ಇದು ಗೊತ್ತೈತಿ," ಎಂದಳು. ಬಲದ ಹಾಳೆಗೆ ಬಂದಳು. ಮೂರು, ನಾಲ್ಕು, ನಾಲ್ಕು, ನಾಲ್ಕು. ಅಜ್ಜಿ ಹುಬ್ಬು ಗಂಟು ಹಾಕಿದಳು. ಮುಳ್ಳು ಕಿತ್ತು ಎರಡನ್ನೂ ತೆಗೆದು ಕಿಟಕಿಯ ಹತ್ತಿರ ಬಿಸಿಲಿಗೆ ಹಿಡಿದಳು. ಎರಡೂ ಹಾಳೆಯ ಮೇಲೆ ಅಂಗೈ ಆಡಿಸಿದಳು. ಹೊಸ ಹಾಳೆಯಲ್ಲಿ ಸಾಲುಗಳು ನೇಗಿಲ ಸಾಲಿನ ಹಾಗೆ ನೇರ, ಕೆಳಗೆ ಹತ್ತಿಯ ಎಳೆ ಎಳೆಯುವ ಎರಡು ಕೈಗಳ ಚಿತ್ರ.

"ಇದನ್ನ ಬರದಾಕಿ ನೀನ?"

"ಹೂಂ."

"ಇದನ್ನೂ?"

"ಹೂಂ ಅಜ್ಜಿ."

ಅಜ್ಜಿ ನನ್ನನ್ನು ಬೆರಳಿನಲ್ಲಿ ಕರೆದಳು. "ಟೀಚರಮ್ಮ, ಎಷ್ಟು ವರ್ಷಾತು ನೀ ಸಾಲಿ ಹೇಳಾಕತ್ತಿ?"

"ಇಪ್ಪತ್ತರ ಮ್ಯಾಲಾತ್ರಿ ಅಜ್ಜಿ."

"ಇನ್ನೂ ನಿನಗ ಮಾಲು ನೋಡಾಕ ಬರವಲ್ದಲ್ಲ. ಇದು ನೋಡು, ಮಸಿ ಬಿದ್ದೈತಿ, ಮೂಲಿ ಹರದೈತಿ, ಗೆರಿ ಕುಡಿದೋರಂಗ ನಡದಾವ. ಇದಕ್ಕ ಒಂದು ಹಾಕೀದಿ. ಇದು ಅರಳಿದ ಕಾಯಿ ಇದ್ದಂಗೈತಿ. ಇದಕ್ಕ ನಾಲ್ಕು ಹಾಕೀದಿ. ಕಣ್ಣಿಗೇನು ಬಂದೈತಿ ನಿನಗ? ನನ್ನ ಮೊಮ್ಮಗಳು ಒಂದನೇ ನಂಬರ್ ಕೆಲಸ ಮಾಡಿದ್ರ ನಾಲ್ಕು ಅಂತ ಬರದು ಸುತಳಿಗೆ ಕಟ್ಟಿ ಊರಿಗೆಲ್ಲ ತೋರಸ್ತಿ?"

ಒಂದಕ್ಷರ ಓದಲು ಬಾರದ ಹೆಂಗಸು ಎರಡು ಹಾಳೆ ಬಿಸಿಲಿಗೆ ಹಿಡಿದು, ನಾನು ನಾಲ್ಕು ತಿಂಗಳು ಕಷ್ಟಪಟ್ಟು ಅಳೆದದ್ದನ್ನು ಒಂದೇ ನೋಟಕ್ಕೆ ಹೇಳಿಬಿಟ್ಟಿದ್ದಳು.

ಹುಲಿಗೆಮ್ಮ ಮುಂದೆ ಬಂದಳು. "ಅಜ್ಜಿ, ಟೀಚರ್ ಬರೋಬ್ಬರಿ ಹಾಕ್ಯಾರ. ಸಾಲ್ಯಾಗ ನಾಲ್ಕು ಮ್ಯಾಲಿಂದು, ಒಂದು ತಳದ್ದು. ನನಗ ಮೊದ್ಲ ಬಿದ್ದಿದ್ದು ತಳದ್ದು. ನಿನಗ ಹೇಳಿದ್ರ ಹೊಲಕ್ಕ ಕರಕೊಂಡು ಹೋಗ್ತಿ ಅಂತ ಹೇಳ್ಲಿಲ್ಲ."

ಅಜ್ಜಿ ಅವಳನ್ನು ನೋಡಿದಳು, ಹಾಳೆ ನೋಡಿದಳು, ಮನಸ್ಸಿನಲ್ಲೇ ಏನೋ ಹಿಂದೆ ಮುಂದೆ ಮಾಡಿದಳು.

"ಅಂದ್ರ ನಾನು ಪುಟಾಣಿ ಬೆಲ್ಲ ಹಂಚಿದ್ದು ನಾಲ್ಕನೇ ನಂಬರ್ ಮಾಲಿಗಾ?"

"ಹೂಂ."

"ಇದು ಊರಿಗೆಲ್ಲ ಗೊತ್ತಿತ್ತಾ?"

"ಊರಿಗೆಲ್ಲ ಇಲ್ಲಜ್ಜಿ," ಎಂದ ಮಲ್ಲಿಕಾರ್ಜುನ ಹಿಂದಿನಿಂದ. "ಕೆಳಗಿನ ಓಣಿಯೋರಿಗೆ ಗೊತ್ತಿದ್ದಿಲ್ಲ."

ಅಜ್ಜಿಯ ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಅವಳು ತಿರುಗಿದಾಗ ಒಬ್ಬಳಿಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟಳು. "ನಮಗೂ ಗೊತ್ತಿತ್ತು ಬಿಡಕ್ಕ. ಹುಡುಗಿ ಸಾಲ್ಯಾಗ ಇರ್ಲಿ ಅಂತ ಆಕಿ ಸಾಲೂ ನಾವ ಬಿಡಿಸಿದ್ವಿ." ನಗು ಒಬ್ಬರಿಂದ ಒಬ್ಬರಿಗೆ ಹತ್ತಿ ಇಡೀ ಕ್ಲಾಸು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ. ಬೆಂಚಿನ ಮೇಲೆ ಕೂತು, "ಓದು," ಎಂದಳು.

ಹುಲಿಗೆಮ್ಮ ಓದಿದಳು. ಹೆಸರು, "ನಮ್ಮಜ್ಜಿ ಹತ್ತಿ ನೋಡುವುದು". ಮೊದಲು ಬಣ್ಣ, ಆಮೇಲೆ ಎಳೆ, ಆಮೇಲೆ ಬೀಜ, ಆಮೇಲೆ ಕಸ. ಅಜ್ಜಿ ತಪ್ಪನ್ನು ಬೈಯುವುದಿಲ್ಲ, ಆರಿಸಿ ಕೈಗೆ ಕೊಡುತ್ತಾಳೆ ಎನ್ನುವಲ್ಲಿಗೆ ಬಂದಾಗ ಒಮ್ಮೆ ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಉರುಕುಂದಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಮುಗಿದ ಮೇಲೆ ಕಣ್ಣು ತೆರೆದಳು.

"ಬೀಜ ಕಡೀತಾಳ ಅಂತ ಬರದಿ. ಯಾಕ ಕಡೀತಾಳ ಅಂತ ಬರದಿಲ್ಲ. ಒಣಗಿದ್ರ ಕಟ್ ಅಂತೈತಿ, ಹಸಿ ಇದ್ರ ಮೆತ್ತಗ ಆಕೈತಿ. ಆ ಸಪ್ಪಳ ಎಲ್ಲಿ ಐತಿ ಇದರಾಗ?"

ನಾನು ಹಾಳೆಯ ಕೆಳಗೆ ಬರೆದದ್ದನ್ನು ತೋರಿಸಿದೆ, ಓದಿಯೂ ಹೇಳಿದೆ. "ಬೀಜ ಕಚ್ಚಿದರೆ ಏನು ತಿಳಿಯುತ್ತದೆ? ಅದು ಬಂದಿಲ್ಲ. ಆದ್ದರಿಂದ ವಿಷಯದಲ್ಲಿ ಮೂರು."

ಅಜ್ಜಿ ನನ್ನ ಮುಖವನ್ನು ಮೊದಲ ಸಲ ನೋಡುವ ಹಾಗೆ ನೋಡಿದಳು. "ಕಣ್ಣು ಅದಾವ ನಿನಗ," ಎಂದಳು. ಆಮೇಲೆ ನಕ್ಕಳು. ಅವಳ ನಗು ಅಂಥದ್ದು ಎಂದು ನನಗೆ ಗೊತ್ತಿರಲಿಲ್ಲ, ಇಡೀ ಮೈ ಅಲ್ಲಾಡುತ್ತಿತ್ತು.

ತೀರ್ಪು ಕೂಡಲೇ ಆಯಿತು. ಹುಡುಗಿ ಸಾಲಿ ಬಿಡುವುದು ಬೇಡ, ಆದರೆ ಮುಚ್ಚಿಟ್ಟ ತಪ್ಪಿಗೆ ಬರುವ ಭಾನುವಾರ ಒಂದು ದಿನ ಹೊಲಕ್ಕೆ ಬರಬೇಕು. "ಟೀಚರಮ್ಮನೂ ಬರ್ಬೇಕು. ಆಕೀನೂ ಮುಚ್ಚಿಟ್ಟಾಳ. ಬೆಲ್ಲ ಬ್ಯಾರೆ ತಿಂದಾಳ."

ಹೋದೆ. ಇಬ್ಬನಿ ಆರಿದ ಮೇಲೆ ಶುರು, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಒಣಗಿದ ಕಾಯಿಯ ತುದಿ ಬೆರಳಿಗೆಲ್ಲ ಚುಚ್ಚಿ ಉರಿ. ಹುಲಿಗೆಮ್ಮ ಎರಡು ಸಾಲು ಮುಗಿಸಿ ತಿರುಗಿ ಬರುವಾಗ ನಾನು ಇನ್ನೂ ಒಂದರ ನಡುವೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ರೊಟ್ಟಿ ಗಂಟು ಬಿಚ್ಚಿದರು. ಒಬ್ಬಳು ಕೆಂಪು ಚಟ್ನಿ ಕೊಟ್ಟಳು, ಒಬ್ಬಳು ಮೊಸರು, ಇನ್ನೊಬ್ಬಳು ನನ್ನ ಬಿಡಿಸುವ ರೀತಿಗೆ ಹೆಸರಿಟ್ಟು ಎಲ್ಲರನ್ನೂ ನಗಿಸಿದಳು. ಸಂಜೆ ನನ್ನ ಉಡಿಯ ಹತ್ತಿ ಸುರಿದು ಅಜ್ಜಿಯ ಮುಂದೆ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನಿಂತೆ. ಅವಳು ಬಿಸಿಲಿಗೆ ಹಿಡಿದಳು, ಎಳೆದಳು, ಬೀಜ ಕಡಿದಳು, ಕಟ್ ಎಂದಿತು. ಕೊಡವಿದಳು.

"ಮೂರು," ಎಂದಳು. ನನ್ನ ಕೈ ಹಿಡಿದು ಅಂಗೈಯಲ್ಲಿ ಎಲೆಯ ಚೂರು ಒಂದೊಂದೇ ಆರಿಸಿ ಇಟ್ಟಳು. "ಇದು ನೋಡು. ಇದು ನೋಡು. ಕಾಯಿ ಹಿಡಿಯೋವಾಗ ಎಲಿ ಕೂಡ ಹಿಡೀತಿ. ಬೆರಳು ತುದೀಲೆ ಹಿಡಿ." ಎಳೆ ಹೇಗೆ ಎಳೆಯಬೇಕು ಎಂಬುದನ್ನೂ ಅವತ್ತೇ ಕಲಿಸಿದಳು.

ಬೇಸಿಗೆಗೆ ಬದಲಿ ಆರ್ಡರ್ ಬಂತು, ಚಿಪ್ಪಗಿರಿ ಕಡೆಗೆ. ಹುಲಿಗೆಮ್ಮ ಎಂಟು ಮುಗಿಸಿ ಒಂಬತ್ತಕ್ಕೆ ಹಾಲಹರವಿಗೆ ಹೊರಟಳು. ಈಗ ಆದೋನಿಯಲ್ಲಿ ಇಂಟರ್, ಅಂದರೆ ಕರ್ನಾಟಕದವರ ಪಿಯುಸಿ, ಓದುತ್ತಿದ್ದಾಳೆ, ಹಬ್ಬಕ್ಕೆ ಫೋನು ಮಾಡುತ್ತಾಳೆ. ಚಿಪ್ಪಗಿರಿಯಲ್ಲಿ ನಾನು ಪಟ್ಟಿ ಮನೆಗೆ ಕಳಿಸುವ ಮೊದಲು ಮಕ್ಕಳನ್ನು ಕೇಳುತ್ತೇನೆ, ನಿಮ್ಮನೆಯಲ್ಲಿ ಯಾವ ನಂಬರ್ ದೊಡ್ಡದು ಎಂದು.

ಆ ಊರು ಬಿಟ್ಟ ದಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಉರುಕುಂದಮ್ಮ ಪುಟಾಣಿ ಬೆಲ್ಲದ ಗಂಟು ಹಿಡಿದು ಬಂದಳು. ಇದು ಸರಿಯಾದ ಮಾಲಿಗೆ ಎಂದು ಕೈಗಿಟ್ಟಳು. ಬಸ್ಸಿನ ಧೂಳು ಕಾಣುತ್ತಿತ್ತು. ಯಾಕೋ ಕೇಳಬೇಕೆನ್ನಿಸಿತು.

"ಅಜ್ಜಿ, ನಾನು ಎಷ್ಟನೇ ನಂಬರ್?"

ಅವಳು ನಗಲಿಲ್ಲ. ನನ್ನ ಸೆರಗಿನ ಅಂಚು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಬಿಸಿಲಿಗೆ ನನ್ನ ಮುಖ ತಿರುಗಿಸಿ ನೋಡಿದಳು. ನನ್ನ ಕಣ್ಣಲ್ಲಿ ನೀರು ಬಂದಿತ್ತು.

"ನಾ ಒಂದು ಅಂದ್ರ ನೀ ಇಲ್ಲೇ ಉಳೀತಿ ಅನ್ನಂಗಿದ್ರ, ಒಂದು ಅಂತಿದ್ದೆ," ಎಂದಳು. "ಆದ್ರ ಇನ್ನೂ ಒಂದೀಟು ಹಸಿ ಅದೀ. ಒಂದೂವರಿ."

ಅರ್ಧ ಇಲ್ಲ ಅಜ್ಜಿ, ಎನ್ನುವಷ್ಟರಲ್ಲಿ ಬಸ್ಸು ಬಂದು ನಿಂತಿತು.